ಸೊಸೆ ಪದದ ಆರನೇ ಕಾರ್ಡು

ಹದಿನೈದನೇ ತಾರೀಕು, ಮಂಗಳವಾರ, ಬೆಳಗ್ಗೆ ಹನ್ನೊಂದು ಗಂಟೆಗೆ ಗೊತ್ತಾಗಿದ್ದು, ಆ ಕಾರ್ಡು ಇಲ್ಲ ಅಂತ. ಸೋಮವಾರ ಅಲ್ಲ. ಸೋಮವಾರ ಮಧ್ಯಾಹ್ನದ ಮೇಲೆ ನಾನು ಈ ಕೋಣೆಗೆ ಕಾಲೇ ಇಟ್ಟಿರಲಿಲ್ಲ. ನಮ್ಮನೆಯವರ ದವಡೆ ಹಲ್ಲು ಕೀಳಿಸೋಕೆ ಹೋಗಿದ್ವಿ... ನಿನಗೆ ಗೊತ್ತಲ್ಲ. ಬಾಯಿ ತುಂಬ ಹತ್ತಿ ಇಟ್ಕೊಂಡು ಬಂದು, ಊಟ ಬೇಡ ಅಂತ ಕೈಸನ್ನೆ ಮಾಡಿದ್ರು. ನೀನೇ ನಕ್ಕಿದ್ದು.

ಯಾಕೆ ಹೇಳಿದೆ ಅಂದ್ರೆ, ನೀನು ಕೇಳ್ತೀಯ ಅಂತ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು ಅಂತೀಯೇನೋ. ಅನ್ನು. ಏನಾದ್ರೂ ಅನ್ನು. ಇವತ್ತಿಗೆ ಹತ್ತೊಂಬತ್ತು ದಿನ ಆಯ್ತು, ಈ ವಿಷಯಕ್ಕೆ ನೀನು ತುಟಿ ಬಿಚ್ಚಿಲ್ಲ.

ಆ ಹಗ್ಗ ಇಲ್ಲಿ ಕೊಡು. ಹಾಗೆ ಕಟ್ಟಿದ್ರೆ ಪುಸ್ತಕದ ಮೂಲೆ ಮುರಿಯುತ್ತೆ. ಅಡ್ಡ ಎರಡು ಸುತ್ತು, ಉದ್ದ ಒಂದು ಸುತ್ತು. ಗಾಡಿ ನಾಲ್ಕಕ್ಕೆ ತಾನೇ ಬರೋದು? ಇನ್ನೂ ಐವತ್ತು ನಿಮಿಷ ಇದೆ. ಮೆಲ್ಲಗೆ ಮಾತಾಡೋಣ, ಮಾವ ಪಕ್ಕದ ಕೋಣೇಲಿ ಮಲಗಿದ್ದಾರೆ. ಮಲಗಿದ್ದಾರೋ, ಬರೀ ಕಣ್ಣು ಮುಚ್ಕೊಂಡಿದ್ದಾರೋ...

ಬೇರೆ ಮನೆ ಮಾಡೋ ಅಷ್ಟೇನೂ ಆಗಿರಲಿಲ್ಲ ಕಣೇ. ನಾನು ಹೋಗು ಅಂದ್ನಾ? ಮಾವ ಅಂದ್ರಾ? ಕರಡು ತಿದ್ದೋ ಕೆಲಸ ಸಿಕ್ತು, ಪ್ರೆಸ್ಸಿಗೆ ಹತ್ತಿರ ಮನೆ ಸಿಕ್ತು ಅಂತ ನಿನ್ನ ಗಂಡ ಹೇಳಿದ. ಸರಿ ಅಂದೆ. ನಾನೇ ನಿನಗೆ ಎರಡು ಪಾತ್ರೆ ಬೇರೆ ತೆಗೆದಿಟ್ಟೆ. ದೊಡ್ಡ ಸೊಸೆ ಚಿಕ್ಕ ಸೊಸೇನ ಓಡಿಸಿದ್ಲು ಅಂತ ನಾಳೆ ಯಾರೂ ಆಡ್ಕೋಬಾರದು, ಅಷ್ಟಕ್ಕೆ ಹೇಳ್ತಿದ್ದೀನಿ.

ನೀನು ಬರೋಕೆ ಮುಂಚೆ ಈ ಕೋಣೆ ಹೇಗಿತ್ತು ಗೊತ್ತಾ? ನಿನಗೆಲ್ಲಿ ಗೊತ್ತು, ನೀನು ಬಂದಾಗ ಎಲ್ಲಾ ಜೋಡಿಸಿ ಇಟ್ಟಿತ್ತು. ನಾನು ಮದುವೆಯಾಗಿ ಬಂದಾಗ ಮಾವನ ಕಾರ್ಡುಗಳು ಶೂ ಡಬ್ಬಿಗಳಲ್ಲಿದ್ವು. ಇಪ್ಪತ್ತು ವರ್ಷದ ಕೆಲಸ, ಶೂ ಡಬ್ಬೀಲಿ. ಒಂದೊಂದು ಕಾರ್ಡಿಗೆ ಒಂದು ಪದ, ಅದು ಯಾವ ಭಾಷೆದು, ಯಾವ ಪುಸ್ತಕ, ಯಾವ ಪುಟ. ನಮ್ಮ ಮಾತಿನ ಪದಗಳು ಯಾವ ಯಾವ ದೇಶ ಸುತ್ತಿ, ಯಾರ ಯಾರ ಬಾಯಲ್ಲಿ ಸವೆದು ನಮ್ಮನೆ ಬಾಗಿಲಿಗೆ ಬಂದ್ವು ಅಂತ ಕೋಶ ಬರೀತೀನಿ ಅಂತ ಮಾವ ಹೊರಟಿದ್ರು. ಕಾರ್ಡು ಹುಡುಕೋಕೆ ಕೈ ಹಾಕಿದ್ರೆ ಹಳೇ ಚಪ್ಪಲಿ ಸಿಗ್ತಿತ್ತು.

ನಾನು ಕೆಮಿಸ್ಟ್ರಿ ಓದಿದವಳು. ಪದ ಗಿದ ನನಗೆ ತಿಳೀತಿರಲಿಲ್ಲ. ಬಂದ ಎರಡನೇ ವಾರ ಅಡುಗೆಮನೆ ಡಬ್ಬಿಗಳಿಗೆಲ್ಲ ಹೆಸರು, ತುಂಬಿದ ದಿನಾಂಕ ಬರೆದು ಅಂಟಿಸಿದೆ. ಮಾವ ಸಕ್ಕರೆ ಹುಡುಕ್ಕೊಂಡು ಬಂದವರು ನಿಂತು ಎಲ್ಲಾ ಡಬ್ಬಿ ಓದಿದ್ರು. ಓದಿ, 'ಬಾಮ್ಮ, ನನ್ನ ಡಬ್ಬಿಗಳನ್ನೂ ಸ್ವಲ್ಪ ನೋಡು' ಅಂದ್ರು. ಅಷ್ಟೇ. ನನ್ನ ಅರ್ಜಿ, ಸಂದರ್ಶನ, ನೇಮಕದ ಪತ್ರ, ಎಲ್ಲಾ ಅದೇ.

ಒಂಬತ್ತು ವರ್ಷ. ಈ ಬೀರು ಮಾಡಿಸಿದ್ದು ನಾನು. ನಲವತ್ತೆಂಟು ಡ್ರಾಯರು. ಮೂವತ್ತೊಂದು ಸಾವಿರ ಕಾರ್ಡು, ಅದರಲ್ಲಿ ಹನ್ನೆರಡು ಸಾವಿರ ನನ್ನ ಕೈಬರಹ, ನೀಲಿ ಇಂಕು. ಹಳದಿ ಚೀಟಿ ತಂದವಳೂ ನಾನೇ. ಲ್ಯಾಬಿನಲ್ಲಿ ಕಪಾಟಿಂದ ಒಂದು ಬಾಟಲಿ ತೆಗೆದ್ರೆ ಆ ಜಾಗದಲ್ಲಿ ಚೀಟಿ ಇಟ್ಟು ಹೋಗಬೇಕಿತ್ತು. ಅದನ್ನೇ ಇಲ್ಲಿ ಮಾಡಿದೆ. ಕಾರ್ಡು ತೆಗೆದವರು ಅದರ ಜಾಗದಲ್ಲಿ ಹಳದಿ ಚೀಟಿ ಇಡಬೇಕು. ದಿನಾಂಕ, ಡ್ರಾಯರಿನ ನಂಬರು, ತೆಗೆದವರು, ಕಾರಣ, ಎಷ್ಟು ಕಾರ್ಡು. ಐದು ಮನೆ. ಮಾವನೂ ಬರೀಬೇಕು, ಮಾವನ ಅಪ್ಪ ಎದ್ದು ಬಂದ್ರೂ ಬರೀಬೇಕು. ಆ ಚೀಟಿ ಬಂದ ಮೇಲೆ ಈ ಮನೇಲಿ ಒಂದು ಕಾರ್ಡೂ ಕಳೆದಿಲ್ಲ.

ಮೊದಲನೇ ತಿಂಗಳು ನೀನು 'ಕಾರಣ' ಅನ್ನೋ ಮನೆ ಖಾಲಿ ಬಿಟ್ಟಿದ್ದೆ. ನೆನಪಿದೆಯಾ? ಮಾವನ ಎದುರಿಗೇ ಕೇಳಿದೆ ನಿನ್ನ. ಕಾರಣ ಇಲ್ಲದೆ ಯಾರೂ ಕಾರ್ಡು ತೆಗೆಯಲ್ಲ, ಕಾರಣ ಬರೆಯೋಕೆ ಆಗದಿದ್ರೆ ಕಾರ್ಡು ಮುಟ್ಟಬೇಡ ಅಂದೆ. ನಿನ್ನ ಕಣ್ಣಲ್ಲಿ ನೀರು ಬಂತು. ಮಾವ ಕನ್ನಡಕ ಒರೆಸ್ಕೊಂಡು, 'ತಕ್ಕಡಿ ಮುಂದೆ ಅಳಬಾರದಮ್ಮ, ಕಣ್ಣೀರನ್ನೂ ತೂಗಿಬಿಡ್ತಾಳೆ' ಅಂದ್ರು. ನೀನು ಅಳ್ತಾ ಅಳ್ತಾನೇ ನಕ್ಕುಬಿಟ್ಟೆ. ಇಬ್ರೂ ನಕ್ಕಿರಿ.

ನಾನೂ ನಕ್ಕೆ. ನಕ್ಕೆ ಅಂತ ನೆನಪು.

ತಕ್ಕಡಿ. ನನ್ನ ಹೆಸರು ಈ ಮನೇಲಿ. ಮೊದಲು ಮಾವ ಅಂದಾಗ ಖುಷಿಯಾಗಿತ್ತು. ತಕ್ಕಡಿ ಅಂದ್ರೆ ಸುಳ್ಳು ಹೇಳದ್ದು ಅಲ್ವಾ. ಅಂಗಡೀಲಿ ತಕ್ಕಡಿಗೆ ಕೈ ಮುಗಿಯೋರೂ ಇದ್ದಾರೆ. ನೀನು ಬಂದೆ. ಬಂದ ಹತ್ತನೇ ದಿನ ನಿನಗೂ ಹೆಸರಾಯ್ತು, ಕಿವಿ. 'ಇವಳಿಗೆ ಕಿವಿ ಇದೆ ಕಣ್ರೋ, ಪದ ಸವೆಯೋ ಸದ್ದು ಇವಳಿಗೆ ಕೇಳ್ಸುತ್ತೆ.' ಊಟಕ್ಕೆ ಕೂತಾಗ ಅಂದ್ರು. ನಮ್ಮನೆಯವರು ಅನ್ನ ಕಲೆಸ್ತಾ ತಲೆ ಎತ್ತಲಿಲ್ಲ. ನಿನ್ನ ಗಂಡ ಹೆಮ್ಮೆಯಿಂದ ಎದೆ ಉಬ್ಬಿಸ್ಕೊಂಡ. ನಾನು ಬಡಿಸ್ತಿದ್ದೆ.

ಮೊದಲು ಬಂದ ಕಿವಿಗಿಂತ ಆಮೇಲೆ ಬಂದ ಕೊಂಬು ಉದ್ದ ಅಂತಾರೆ. ನಮ್ಮನೇಲಿ ಕೊಂಬು ಮೊದಲು ಬಂತು, ಕಿವಿ ಆಮೇಲೆ. ಆದ್ರೂ ಕಿವಿಯೇ ಉದ್ದ ಆಯ್ತು ನೋಡು.

ತಮಾಷೆಗೆ ಅಂದೆ.

ಹೊಟ್ಟೆಕಿಚ್ಚಾ? ನನಗಾ? ನೀನು ಬಾಯಲ್ಲಿ ಕೇಳದಿದ್ರೂ ಆ ಹುಬ್ಬು ಕೇಳ್ತಿದೆ. ಸರಿ, ಲೆಕ್ಕ ಹಾಕೋಣ. ನಾನು ಒಂಬತ್ತು ವರ್ಷ ಬಾಗಿಲ ಪಕ್ಕದ ಮೇಜಲ್ಲಿ ಕೂತೆ. ಬಾಗಿಲು ತೆಗೆದಾಗಲೆಲ್ಲ ಕಾರ್ಡು ಹಾರ್ತಿತ್ತು, ಮೇಲೆ ಕಲ್ಲು ಇಟ್ಟು ಬರೀತಿದ್ದೆ. ನೀನು ಬಂದ ತಿಂಗಳಿಗೇ ಕಿಟಕಿ ಪಕ್ಕ ಮೇಜು. ಬೆಳಕು ಬೇಕು ಅಂತ. ನನಗೆ ಬೆಳಕು ಬೇಡವಾ? ಕೇಳಲಿಲ್ಲ ನಾನು. ನಾನು ಕೇಳಿದ್ರೆ ಕೊಡ್ತಿದ್ರೇನೋ, ಅದು ಬೇರೆ ಮಾತು. ನೀನು ಕೇಳದೆ ಸಿಕ್ತಲ್ಲ. ಮಾವ ಈ ಕೋಣೇಲಿ ನನ್ನ ಹತ್ರ ಎಷ್ಟು ಸಲ ನಕ್ಕಿದ್ದಾರೆ ಅಂತ ನಾನು ಲೆಕ್ಕ ಇಟ್ಟಿಲ್ಲ. ಇಟ್ಟಿದ್ರೆ ನಾಲ್ಕು.

ಆಮೇಲೆ ಆ ಪದ.

ಅದನ್ನ ನನಗೆ ಕೊಡಬೇಕಿತ್ತು ಕಣೇ. ನೀನೇ ಹೇಳು, ನ್ಯಾಯವಾಗಿ ಹೇಳು. ಮೊದಲ ಸಂಪುಟಕ್ಕೆ ಮಾದರಿ ಅಂತ ಒಂದು ಪದ ಪೂರ್ತಿ ಬರೆದು ಪ್ರೆಸ್ಸಿನವರಿಗೆ ತೋರಿಸಬೇಕು, ಬರೆದವರ ಹೆಸರು ಕೋಶದ ಮೇಲೆ ಮಾವನ ಹೆಸರಿನ ಕೆಳಗೆ ಬರುತ್ತೆ, ಮಾವನ ನಂತರ ಕೋಶ ಅವರ ಕೈಗೆ. ಅಂಥ ಪದ ಯಾವುದು ಆರಿಸಿದ್ರು? ಸೊಸೆ. ಯಾರಿಗೆ ಕೊಟ್ರು? ಒಂಬತ್ತು ವರ್ಷ ಸೊಸೆಯಾಗಿದ್ದವಳಿಗಲ್ಲ. ಹದಿನಾಲ್ಕು ತಿಂಗಳ ಸೊಸೆಗೆ.

ನನಗೂ ಒಂದು ಕೊಟ್ರು, ಇಲ್ಲ ಅನ್ನಲ್ಲ. ವಾರಗಿತ್ತಿ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಎಲ್ಲಕ್ಕೂ ತಾಯಿ ಅಂತಾರಲ್ಲ, ಆ ಹಳೇ ಕಾಲದ ಭಾಷೇಲಿ ಅದಕ್ಕೂ ಒಂದು ಪದ ಇತ್ತಂತೆ. ಸಂಸ್ಕೃತದಲ್ಲಿ ಯಾತೃ, ಲ್ಯಾಟಿನ್‌ನಲ್ಲಿ ಯಾನಿತ್ರಿಕೇಸ್. ಐದಾರು ಸಾವಿರ ವರ್ಷದ ಹಿಂದೇನೂ ಅಣ್ಣತಮ್ಮಂದಿರ ಹೆಂಡಿರು ಒಂದೇ ಸೂರಿನಡಿ ಮುಖ ಊದಿಸ್ಕೊಂಡು ಕೂತಿದ್ರು ಅಂತಾಯ್ತು. ಮಾವ ತಮಾಷೆಗೇ ಕೊಟ್ರೋ, ನಿಜವಾಗ್ಲೂ ಕೊಟ್ರೋ ನನಗೆ ಗೊತ್ತಾಗಲಿಲ್ಲ. ನಾನು ನೀಲಿ ಇಂಕಲ್ಲಿ ಬರೆದು, ಕಾರ್ಡು ಎಣಿಸಿ, ಡ್ರಾಯರಿಗೆ ಹಾಕಿದೆ. ಯಾರೂ ಓದು ಅನ್ನಲಿಲ್ಲ.

ನಿನ್ನದನ್ನ ಮಾತ್ರ ದಿನಾ ಕೇಳಬೇಕಿತ್ತು. ಸ್ನುಸೋಸ್. ಬೆಳಗ್ಗೆ ಕಾಫಿ ಜೊತೆ ಸ್ನುಸೋಸ್, ಊಟಕ್ಕೆ ಕೂತ್ರೆ ಸ್ನುಸೋಸ್. ಮುಂದೆ ಒಂದು ಚುಕ್ಕಿ ಹಾಕಿ ಬರೆಯೋ ಪದ. ಚುಕ್ಕಿ ಅಂದ್ರೆ ಯಾರೂ ಕೇಳಿದ್ದಲ್ಲ, ಎಲ್ಲೂ ಬರೆದದ್ದು ಸಿಕ್ಕಿಲ್ಲ, ಲೆಕ್ಕ ಹಾಕಿ ತೆಗೆದದ್ದು. ತಾಯಿ ಸತ್ತುಹೋಗಿದ್ದಾಳೆ, ಪಟವೂ ಇಲ್ಲ, ಆರು ಜನ ಮಕ್ಕಳ ಮುಖ ನೋಡಿ ತಾಯಿ ಮುಖ ಬರೀಬೇಕು. ಮೊದಲ ದಿನ ಮಾವ ನನಗೂ ಹಾಗೇ ಹೇಳಿಕೊಟ್ಟಿದ್ರು. ನನಗೆ ಅದು ಲೆಕ್ಕ. ನಿನಗೆ ಅದು ಹಾಡು. ನೀನು ಅದನ್ನ ಮಾವನ ಎದುರಿಗೆ ಕೂತು ಬಾಯಲ್ಲಿ ಉರುಳಿಸ್ತಿದ್ದೆ. ಸಂಸ್ಕೃತದವರು ಸ್ನುಷಾ ಅಂದ್ರು, ಅದೇ ಸವೆದು ನಮ್ಮ ಬಾಯಿಗೆ ಸೊಸೆ ಆಗಿ ಬಂತು ಅಂತ ಹಳೇ ವ್ಯಾಕರಣದವರ ಮಾತು. ಸ್ಲಾವಿಕ್‌ನವರು ಸ್ನುಖಾ ಅಂದ್ರು. ಹಳೇ ಇಂಗ್ಲಿಷಿನವರು ನಡುವಿನ ಸಕಾರ ಉಜ್ಜಿ ಸ್ನೊರು ಮಾಡಿದ್ರು. ಲ್ಯಾಟಿನ್‌ನವರು ಮುಂದಿನದನ್ನೂ ಬಿಟ್ಟು ನುರುಸ್. ಗ್ರೀಕರು ಎರಡನ್ನೂ ನುಂಗಿ ನುಓಸ್. ಆಮೇಲೆ ಅರ್ಮೇನಿಯನ್. ಅಲ್ಲಿಗೆ ಬರೋ ಹೊತ್ತಿಗೆ ಎಲ್ಲಾ ಸವೆದು ಉಳಿದದ್ದು ಬರೀ ನು. ಒಂದಕ್ಷರ.

ಒಂದು ಮನೇಲಿ ಸೊಸೆಯಾಗಿ ಇದ್ದೂ ಇದ್ದೂ ಒಂದಕ್ಷರಕ್ಕೆ ಬಂದು ನಿಂತವಳು ಅಂತ ಅಂದ್ಕೊಂಡೆ. ಹೇಳಲಿಲ್ಲ ಯಾರಿಗೂ. ನಾನು ಅಂಥದ್ದೆಲ್ಲ ಹೇಳೋಳಲ್ಲ.

ಆ ಕಾರ್ಡು ನನ್ನದು. ಗೊತ್ತು ತಾನೇ? ನಿನ್ನ ಆರು ಸಾಕ್ಷಿಯಲ್ಲಿ ನಾಲ್ಕು ನನ್ನ ಕೈಬರಹ. ಲ್ಯಾಟಿನ್, ಹಳೇ ಇಂಗ್ಲಿಷ್, ಸ್ಲಾವಿಕ್, ಅರ್ಮೇನಿಯನ್. ಅರ್ಮೇನಿಯನ್ನಿನದು ನಾನು ಬಂದ ಮೊದಲ ವರ್ಷ ಬರೆದದ್ದು. ಎರವಲು ತಂದ ಪುಸ್ತಕ, ಮೂರೇ ದಿನದಲ್ಲಿ ವಾಪಸ್ ಕೊಡಬೇಕಿತ್ತು. ಗರ್ಭಿಣಿ ಆಗ ನಾನು. ಒಂದು ಸಾಲು ಬರೆಯೋದು, ಎದ್ದು ಹೋಗಿ ವಾಂತಿ ಮಾಡೋದು, ಬಾಯಿ ತೊಳ್ಕೊಂಡು ಬಂದು ಇನ್ನೊಂದು ಸಾಲು. ಆ ಮಗು ಉಳೀಲಿಲ್ಲ, ಅದು ಬಿಡು. ಕಾರ್ಡು ಉಳೀತು. ಪದ ಬರೆದೆ, ಅರ್ಥ ಬರೆದೆ, ಅದರ ಕೆಳಗೆ ಇನ್ನೊಂದು ರೂಪ ಇತ್ತು, ಅದನ್ನೂ ಬರೆದೆ. ನುಓಯ್. ಸೊಸೆಯದು, ಅವಳದು ಅಂತ ಹೇಳುವಾಗ ಹಾಗಂತಾರೆ. ಏನು, ಎತ್ತ ನನಗೆ ಗೊತ್ತಿಲ್ಲ. ಪುಸ್ತಕದಲ್ಲಿತ್ತು, ಇಳಿಸ್ಕೊಂಡೆ.

ಒಂಬತ್ತು ವರ್ಷ ಅದು ಹದಿನೇಳನೇ ಡ್ರಾಯರಲ್ಲಿ ಇತ್ತು. ವರ್ಷಕ್ಕೆ ಎರಡು ಸಲ ಧೂಳು ಒರೆಸಿದ್ದೀನಿ. ನೀನು ತೆಗೆದೆ, ಕಿಟಕಿ ಹತ್ರ ಹಿಡಿದೆ, ಎರಡು ನಿಮಿಷ ಆಗಿರಲಿಲ್ಲ, 'ಮಾವ' ಅಂತ ಕೂಗಿದೆ. ಮಾವ ಚಪ್ಪಲಿ ಹಾಕ್ಕೊಳ್ಳದೆ ಓಡಿ ಬಂದ್ರು. ಎಪ್ಪತ್ತನಾಲ್ಕು ವರ್ಷದವರು ಓಡಿ ಬಂದ್ರು. 'ನೋಡಿ ಮಾವ, ಅವಳು ಎಲ್ಲಾ ಕಳ್ಕೊಂಡಿದ್ದಾಳೆ, ಆದ್ರೆ ಅವಳದು ಅಂತ ಹೇಳುವಾಗ ಮಾತ್ರ ಹಳೇ ಬಾಲ ಈಚೆ ಬರುತ್ತೆ' ಅಂದೆ ನೀನು. ಬಾಲ ಅಂದ್ರೆ ಸ್ನುಸೋಸ್‌ನ ಕೊನೇ ಓಸ್, ಗಂಡು ಪದಗಳ ಥರದ್ದು. ಸಂಸ್ಕೃತದವರು, ಸ್ಲಾವಿಕ್‌ನವರು ಬಾಲ ತಿದ್ದಿ ಹೆಣ್ಣಿನದು ಮಾಡಿದ್ರು, ಇವಳು ತಿದ್ದಿಸ್ಕೊಂಡಿಲ್ಲ ಅಂದೆ. ಮಾವ ಕುರ್ಚಿ ಹಿಡ್ಕೊಂಡು ನಿಂತ್ರು. ಕಣ್ಣು ಒದ್ದೆಯಾಗಿತ್ತು. ನಿನ್ನ ತಲೆ ಮೇಲೆ ಕೈ ಇಟ್ರು.

ನಾನು ಅಲ್ಲೇ ಇದ್ದೆ, ಬಾಗಿಲ ಪಕ್ಕ. ಕಲ್ಲು ಇಟ್ಟು ಬರೀತಿದ್ದೆ.

ಯಾರು ಬರೆದ ಕಾರ್ಡು ಅಂತ ಮಾವ ಕೇಳಲಿಲ್ಲ. ನೀನೂ ಹೇಳಲಿಲ್ಲ. ಹೇಳೋಕೆ ಮರೆತೆಯೇನೋ, ಇರಲಿ. ನನಗೆ ಅದಲ್ಲ ಉರಿದದ್ದು. ನಿಜ ಹೇಳ್ತೀನಿ, ಇಷ್ಟು ದಿನ ಆದ ಮೇಲೆ ಏನು ಮುಚ್ಚಿಡೋದು. ಅದು ನನ್ನ ಕೈಯಲ್ಲೇ ಇತ್ತು, ನನ್ನ ಅಕ್ಷರದಲ್ಲೇ ಇತ್ತು, ನನಗೆ ಕಾಣಲಿಲ್ಲ. ಉರಿದದ್ದು ಅದು. ತಕ್ಕಡಿಗೆ ಏನು ಗೊತ್ತಾಗುತ್ತೆ ಹೇಳು. ಚಿನ್ನ ಇಟ್ರೂ ತೂಗುತ್ತೆ, ಈರುಳ್ಳಿ ಇಟ್ರೂ ತೂಗುತ್ತೆ.

ನೀರು ಬೇಡ. ನೀನು ಕುಡಿ.

ಹ್ಞಾ, ಮಂಗಳವಾರ. ಹೊರಗಿನವರು ಐದು ಜನ ಬಂದಿದ್ರು. ಪ್ರೆಸ್ಸಿನ ಯಜಮಾನ್ರು, ಅವರ ಕಡೆಯಿಂದ ಪರೀಕ್ಷೆ ಮಾಡೋಕೆ ಬಂದ ಆ ಬೊಕ್ಕತಲೆ ಪಂಡಿತರು, ಇನ್ನು ಮೂವರು. ಹೆಚ್ಚುವರಿ ಕುರ್ಚಿ ನಾನೇ ತಂದು ಹಾಕಿದೆ. ನೀನು ಓದಿದೆ. ಚೆನ್ನಾಗಿ ಓದಿದೆ, ಸುಳ್ಳು ಯಾಕೆ ಹೇಳಲಿ. ಪಂಡಿತರು ಕಣ್ಣು ಮುಚ್ಕೊಂಡು ಕೇಳಿದ್ರು. ಕೊನೆಗೆ ಅಂದ್ರು, ಆ ಹಳೇ ಬಾಲಕ್ಕೆ ಗ್ರೀಕಿನದೊಂದೇ ಸಾಕ್ಷಿ ಸಾಲದು, ಲ್ಯಾಟಿನ್ನಿನ ಬಾಲ ಬೇರೆ ಥರ, ಅರ್ಮೇನಿಯನ್ ಕಾರ್ಡು ತೋರಿಸಿ. ನೀನು ಬಾಯಲ್ಲಿ ಹೇಳೋಕೆ ಹೋದೆ. ಅವರು ಕೈ ಅಡ್ಡ ಹಿಡಿದು, 'ಪದ ನನಗೂ ಗೊತ್ತು ತಾಯಿ. ನನಗೆ ಬೇಕಾಗಿರೋದು ಪುಸ್ತಕ, ಪುಟ' ಅಂದ್ರು. ಅವರು ಕೇಳಿದ್ದು ತಪ್ಪಲ್ಲ. ಅದು ಈ ಮನೇದೇ ನಿಯಮ. ಕಾರ್ಡಿಲ್ಲದ ಸಾಕ್ಷಿ ಸಾಕ್ಷಿಯಲ್ಲ. ಮಾವ ಗೋಡೆ ಮೇಲೆ ಬರೆಸಿ ಹಾಕಿದ್ದಾರೆ.

ನೀನು ಎದ್ದು ಹೋಗಿ ಹದಿನೇಳನೇ ಡ್ರಾಯರು ಎಳೆದೆ. ಎಲ್ಲರಿಗೂ ಬೆನ್ನು ಹಾಕಿ ನಿಂತಿದ್ದೆ. ತುಂಬಾ ಹೊತ್ತು ನಿಂತೆ. ಆಮೇಲೆ ತಿರುಗಿ, 'ಕಾರ್ಡು ಇಲ್ಲಿ ಇಲ್ಲ' ಅಂದೆ. ಅಷ್ಟೇ ಮಾತು.

ಮಾವ ಎದ್ದು ಬಂದು ನೋಡಿದ್ರು. ಪಕ್ಕದ ಡ್ರಾಯರು ನೋಡಿದ್ರು, ಅದರ ಪಕ್ಕದ್ದು ನೋಡಿದ್ರು. ಅತಿಥಿಗಳು ಕಾಫಿ ಲೋಟ ನೋಡ್ತಾ ಕೂತಿದ್ರು. ಪ್ರೆಸ್ಸಿನ ಯಜಮಾನ್ರು ಗಂಟಲು ಸರಿಮಾಡ್ಕೊಂಡು, ಹೀಗಾದ್ರೆ ಉಳಿದ ಕಾರ್ಡುಗಳನ್ನ ನಂಬೋದು ಹೇಗೆ ಅಂದ್ರು. ಮಾವ ನಿನಗೆ ಅಂದಿದ್ದು ಒಂದೇ ಮಾತು, 'ಕಂಡದ್ದನ್ನ ಮಾತ್ರ ಕಂಡೆ ಅನ್ನಬೇಕಮ್ಮ.' ಅವರೂ ಆ ಕಾರ್ಡು ನೋಡಿದ್ರು. ನಿನ್ನ ತಲೆ ಮೇಲೆ ಕೈ ಇಟ್ಟಾಗ ನೋಡಿದ್ರು. ಅವತ್ತು ಅವರಿಗೆ ತಮ್ಮ ಕಣ್ಣ ಮೇಲೇ ಅನುಮಾನ ಬಂತು ಅನಿಸುತ್ತೆ.

ಸಂಜೆ ಈ ಕೋಣೆಯ ಬೀಗದ ಕೈ ಗೊಂಚಲು ನನ್ನ ಮೇಜಿನ ಮೇಲೆ ಇತ್ತು. ಮಾವ ಕೈಗೆ ಕೊಡಲಿಲ್ಲ. ಮೇಜಿನ ಮೇಲೆ ಇಟ್ಟಿದ್ರು.

ಈಗ ನಾನು ಹೇಳೋದು ಕೇಳು. ಸಿಟ್ಟು ಮಾಡ್ಕೋಬೇಡ. ನಾನು ಲೆಕ್ಕದ ಪ್ರಕಾರ ಹೇಳ್ತೀನಿ. ಆ ಕಾರ್ಡು ಯಾರಾದ್ರೂ ತೆಗೆದಿದ್ರೆ ಅದರ ಜಾಗದಲ್ಲಿ ಹಳದಿ ಚೀಟಿ ಇರಬೇಕಿತ್ತು. ಇರಲಿಲ್ಲ. ನಾನೂ ಆಮೇಲೆ ಹೋಗಿ ನೋಡಿದೆ, ಡ್ರಾಯರು ಪೂರ್ತಿ ಹೊರಗೆ ಎಳೆದು, ಹಿಂದೆ ಬಿದ್ದಿದೆಯಾ ಅಂತ ಟಾರ್ಚು ಬಿಟ್ಟು ನೋಡಿದೆ. ಇಲ್ಲ. ಚೀಟಿ ಇಲ್ಲ ಅಂದ್ರೆ ಯಾರೂ ತೆಗೆದಿಲ್ಲ. ಯಾರೂ ತೆಗೆದಿಲ್ಲ ಅಂದ್ರೆ ಕಾರ್ಡು ಅಲ್ಲಿ ಇರಲೇ ಇಲ್ಲ. ನೀನೇ ಎಲ್ಲೋ ಬೇರೆ ಕಡೆ ಓದಿ, ಕಾರ್ಡಲ್ಲಿ ನೋಡಿದೆ ಅಂದ್ಕೊಂಡಿರಬಹುದು. ಆಗುತ್ತೆ ಹಾಗೆ. ಈ ಮನೇಲಿ ಚೀಟಿ ಇಡದೆ...

ಯಾಕೆ ನಗ್ತಿದ್ದೀಯ?

ಇದರಲ್ಲಿ ನಗೋ ಅಂಥದ್ದೇನಿದೆ? ಚೀಟಿ ಅಂದಿದ್ದಕ್ಕಾ? ಮಾಡು ತಮಾಷೆ. ಆದ್ರೆ ಒಂಬತ್ತು ವರ್ಷದಲ್ಲಿ ನಾನು ಚೀಟಿ ಇಡದೆ ಒಂದು ಕಾರ್ಡು ಎತ್ತಿದವಳಲ್ಲ. ಕೈಗೆ ಅಭ್ಯಾಸ ಆಗಿಹೋಗಿದೆ. ಮೊನ್ನೆ ಅಡುಗೆಮನೇಲಿ ಉಪ್ಪಿನ ಡಬ್ಬಿ ತೆಗೆದು ಆ ಜಾಗದಲ್ಲಿ ಏನಿಡಲಿ ಅಂತ ಹುಡುಕಿದೆ, ಅಷ್ಟು.

ನಗಬೇಡ ಹಾಗೆ. ಅದು ನಗು ಅಲ್ಲ, ಏನೋ ಬೇರೆ.

ನನಗೇನು ಸಿಕ್ತು ಹೇಳು ಇದರಿಂದ. ಬೀಗದ ಕೈ ಬಂತು. ಕಿಟಕಿ ಪಕ್ಕದ ಮೇಜು, ಈಗ ನೀನು ಖಾಲಿ ಮಾಡ್ತಿದ್ದೀಯಲ್ಲ, ನಾಳೆಯಿಂದ ನನ್ನದು. ಮಾವ ಬರಲ್ಲ. ಹತ್ತೊಂಬತ್ತು ದಿನದಿಂದ ಈ ಕೋಣೆಗೆ ಬಂದಿಲ್ಲ. ಬಾಗಿಲ ತನಕ ಬರ್ತಾರೆ, ಗೋಡೆ ಮೇಲಿನ ಆ ಬರಹ ನೋಡ್ತಾರೆ, ವಾಪಸ್ ಹೋಗ್ತಾರೆ. ನಿನ್ನೆ ನಾನೇ ಹೋಗಿ, ಮಾವ, ಸೊಸೆ ಪದ ನಾನು ಪೂರ್ತಿ ಮಾಡ್ತೀನಿ ಅಂದೆ. 'ಸಾಕ್ಷಿ ಇಲ್ಲವಲ್ಲಮ್ಮ' ಅಂದ್ರು. ಹುಡುಕ್ತೀನಿ ಮಾವ, ಆ ಪುಸ್ತಕ ಎಲ್ಲಾದ್ರೂ ಸಿಗುತ್ತೆ, ಮುನ್ನೂರ ಹನ್ನೆರಡನೇ ಪುಟ, ಎಡಗಡೆ ಅಂಕಣ, ಕೆಳಗಿಂದ ನಾಲ್ಕನೇ ಸಾಲು, ಅದೊಂದು ಸಿಕ್ಕಿದ್ರೆ...

ಯಾಕೆ ಹಾಗೆ ನೋಡ್ತೀಯ?

ನಾನು ಬರೆದ ಕಾರ್ಡು ಅದು. ನೆನಪಿರಲ್ವಾ? ನನಗೆ ಅಂಕಿಗಳು ಮರೆಯಲ್ಲ.

ಹೌದು. ಈಗಷ್ಟೇ ಇರಲೇ ಇಲ್ಲ ಅಂದೆ. ಡ್ರಾಯರಲ್ಲಿ ಇರಲಿಲ್ಲ ಅಂದೆ. ಎರಡೂ ಒಂದೇ ಅಲ್ಲ.

ಅವತ್ತೇ ಯಾಕೆ ಹೇಳಲಿಲ್ಲ ಅಂತೀಯ. ನೀನು ಅನ್ನಲಿಲ್ಲ, ನನಗೆ ಕೇಳಿಸ್ತು. ಪಂಡಿತರು ಪುಸ್ತಕ, ಪುಟ ಅಂದಾಗ ನಾನು ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದೆ, ಕಾಫಿ ತಟ್ಟೆ ಹಿಡ್ಕೊಂಡು. ಪುಟ ಬಾಯಿಗೆ ಬಂದಿತ್ತು. ಅದು ನನ್ನದೇ ಕಾರ್ಡು ಸ್ವಾಮಿ, ಮುನ್ನೂರ ಹನ್ನೆರಡು ಅಂತ ಅಂದಿದ್ರೆ ಮುಗೀತಿತ್ತು. ಅವರು ಬರ್ಕೊಂಡು ಹೋಗಿ ತಮ್ಮಲ್ಲೇ ನೋಡಿ ಬರ್ತಿದ್ರು. ಅನ್ನಲಿಲ್ಲ. ತಟ್ಟೇಲಿ ಎಷ್ಟು ಲೋಟ ಇದೆ ಅಂತ ಎಣಿಸ್ತಿದ್ದೆ. ಅದು ತಪ್ಪಾಯ್ತು. ಒಪ್ಕೋತೀನಿ. ಸುಮ್ಮನಿದ್ದದ್ದು ತಪ್ಪು. ಅಷ್ಟು ಮಾತ್ರ ನನ್ನ ತಪ್ಪು. ಸುಮ್ಮನಿರೋದಕ್ಕೆ ಕಳ್ಳತನ ಅಂತ ಯಾರೂ ಅನ್ನಲ್ಲ.

ನಾನ್ಯಾಕೆ ಕಳ್ಳತನ ಅಂದೆ? ನೀನು ಆ ಪದ ಅನ್ನಲೇ ಇಲ್ಲ.

ಏನಾದ್ರೂ ಮಾತಾಡು ಮಾರಾಯ್ತಿ. ಬೈಯಿ. ನೀನು ಹೀಗೆ ಕೂತ್ರೆ ನಾನು ಮಾತಾಡ್ತಾನೇ ಇರ್ತೀನಿ. ಮಾವ ನನ್ನ ಹತ್ರ ಮಾತಾಡಲ್ಲ, ನಮ್ಮನೆಯವರಿಗೆ ಹಲ್ಲು ಬಿಟ್ಟು ಬೇರೆ ವಿಷಯ ಇಲ್ಲ. ಈ ಮನೇಲಿ ನನ್ನ ಜೊತೆ ಪದಗಳ ಬಗ್ಗೆ ಮಾತಾಡ್ತಿದ್ದವಳು ನೀನೊಬ್ಬಳೇ. ಅಕ್ಕ, ಇದು ನೋಡಿ. ಅಕ್ಕ, ಇದು ಹೇಗೆ ಬಂತು. ನಾನು ಗೊತ್ತಿಲ್ಲ ಹೋಗು ಅಂತಿದ್ದೆ. ನೀನು ಮತ್ತೆ ಬಂದು ಕೇಳ್ತಿದ್ದೆ. ಈಗ ಅಕ್ಕ ಅಂತಾನೂ ಕರೆಯಲ್ಲ.

ಆ ಕೈಚೀಲ ಯಾಕೆ ತೆಗೀತಿದ್ದೀಯ? ಗಾಡಿ ಬಂತಾ? ಸದ್ದು ಕೇಳಲಿಲ್ಲ ನನಗೆ. ಏನದು?

ಕೊಡು ಇಲ್ಲಿ.

ಹಳದಿ...

ಇದು ಎಲ್ಲಿತ್ತು?

ಎಲ್ಲಿತ್ತು ಅಂತ ಕೇಳ್ತಿದ್ದೀನಿ. ಡ್ರಾಯರು ತೋರಿಸಬೇಡ ಬೆರಳಲ್ಲಿ, ಬಾಯಲ್ಲಿ ಹೇಳು. ಅಲ್ಲಿರಲಿಲ್ಲ. ನಾನು ಟಾರ್ಚು ಬಿಟ್ಟು ನೋಡಿದ್ದೀನಿ, ಎರಡು ಸಲ. ಇಟ್ಟಿಲ್ಲ ಅಂತಾನೇ ಅಂದ್ಕೊಂಡಿದ್ದೆ. ಆ ದಿನ ಹಲ್ಲಿನ ಡಾಕ್ಟ್ರ ಹತ್ರ ಹೊತ್ತಾಯ್ತು ಅಂತ ಇವರು ಹೊರಗಿಂದ ಕೂಗ್ತಿದ್ರು, ಕಾರ್ಡನ್ನ ನನ್ನ ಕೆಮಿಸ್ಟ್ರಿ ಕಾಲದ ಲಾಗ್ ಪುಸ್ತಕದೊಳಗೆ ಹಾಕ್ಕೊಂಡು ಹೊರಟೆ... ಇಟ್ಟ ನೆನಪೇ ಇಲ್ಲ ನನಗೆ. ಕೈ ತಾನೇ ಬರೆದಿದೆ. ತಾನೇ ಇಟ್ಟಿದೆ.

ಹಾಗಾದ್ರೆ ನೀನು... ಮಂಗಳವಾರ ಬೆಳಗ್ಗೆ... ಬೆನ್ನು ಹಾಕಿ ನಿಂತಿದ್ದೆಯಲ್ಲ, ಅಷ್ಟು ಹೊತ್ತು. ಅದನ್ನ ಓದ್ತಾ ನಿಂತಿದ್ದೆ. ಓದಿ, ಮುಷ್ಟೀಲಿ ಮುಚ್ಕೊಂಡು, ತಿರುಗಿ ನಿಂತು, ಕಾರ್ಡು ಇಲ್ಲಿ ಇಲ್ಲ ಅಂದೆ. ಐದು ಜನ ಹೊರಗಿನವರ ಮುಂದೆ. ಮಾವನ ಮುಂದೆ. ಮಾವ ಆ ಮಾತು ಅಂದಾಗಲೂ ಮುಷ್ಟಿ ಬಿಚ್ಚಲಿಲ್ಲ. ನಾನು ಎದುರಿಗೇ ತಟ್ಟೆ ಹಿಡ್ಕೊಂಡು ನಿಂತಿದ್ದೆ, ನನ್ನ ಕಡೆ ನೋಡಲೂ ಇಲ್ಲ.

ಹತ್ತೊಂಬತ್ತು ದಿನ ಇದನ್ನ ಕೈಚೀಲದಲ್ಲಿ ಇಟ್ಕೊಂಡು ನಾನು ಬಡಿಸಿದ್ದು ಉಂಡೆ. ನಾನು ಕೊಟ್ಟ ಪಾತ್ರೆ ತಗೊಂಡೆ.

ಮಾವನಿಗೆ ತೋರಿಸಬಹುದಿತ್ತು. ಯಾಕೆ ತೋರಿಸಲಿಲ್ಲ?

ನಾನೇ ಹೇಳ್ತೀನಿ ಅಂತ ಕಾದೆಯಾ?

...

ಕನ್ನಡಕ ಎಲ್ಲಿ. ಇಲ್ಲೇ ಇದೆ. ಬೇಡ, ನೀನು ಓದಬೇಡ, ನಾನು ಓದ್ತೀನಿ. ನನ್ನ ಅಕ್ಷರ ತಾನೇ.

ದಿನಾಂಕ, ಹದಿನಾಲ್ಕು. ಸೋಮವಾರ. ಡ್ರಾಯರು, ಹದಿನೇಳು. ತೆಗೆದವರು, ತಕ್ಕಡಿ. ನನ್ನ ಸಹಿ. ಕಾರಣ...

ಕಾರಣ ಬರೆದಿಲ್ಲ. ಖಾಲಿ ಬಿಟ್ಟಿದ್ದೀನಿ.

ಎಷ್ಟು ಕಾರ್ಡು. ಒಂದು.